ತಲೆಗೆ ಪೆಟ್ಟಾದ ಮೇಲಿನ ರಕ್ತಪರೀಕ್ಷೆ: ಯಾವುದನ್ನು, ಯಾವಾಗ, ಎಷ್ಟು ನಂಬಬಹುದು?

ನನ್ನ ಅಕ್ಕ ಸಂಜೆ ಆರೂವರೆಗೆ ಸ್ಕೂಟರಿನಿಂದ ಬಿದ್ದಳು. ರಸ್ತೆ ಉಬ್ಬಿನ ಬಿಳಿ ಬಣ್ಣ ಮಾಸಿಹೋಗಿತ್ತು, ಕಾಣಲಿಲ್ಲ. ಹೆಲ್ಮೆಟ್ ಇತ್ತು, ಗಲ್ಲದ ಪಟ್ಟಿಯೂ ಬಿಗಿದಿತ್ತು. ತಾನೇ ಎದ್ದು ಕುಳಿತಳು, ಹೆಸರು ಹೇಳಿದಳು, ಮನೆಗೆ ಫೋನ್ ಮಾಡಿಸಿದಳು. ಆದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ "ಗ್ಯಾಸ್ ಆರಿಸಿ ಬಂದೆನೇ?" ಎಂದು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಅದನ್ನು ಮೊದಲ ಬಾರಿಗೆ ಕೇಳುತ್ತಿರುವವಳ ಹಾಗೆ ಕೇಳಿದಳು.

ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮನೆಗೆ ಕಳುಹಿಸಿದರು. ಮೂರನೆಯ ವಾರದಲ್ಲೂ ಕುಕ್ಕರ್ ಕೂಗಿದರೆ ಅವಳು ಎರಡೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಶಾಲೆಯಿಂದ ತಂದ ಉತ್ತರಪತ್ರಿಕೆಗಳಲ್ಲಿ ಎರಡನ್ನು ತಿದ್ದುವಷ್ಟರಲ್ಲಿ ಅಕ್ಷರಗಳು ಅಲುಗಾಡುತ್ತವೆ ಎನ್ನುತ್ತಿದ್ದಳು. ಒಂದು ದಿನ ಮೊಬೈಲಿನಲ್ಲಿ ಬಂದ ಸುದ್ದಿಯೊಂದನ್ನು ತೋರಿಸಿ ಕೇಳಿದಳು: "ರಕ್ತಪರೀಕ್ಷೆ ಮಾಡಿಸಿದರೆ ಯಾವಾಗ ಸರಿಹೋಗುತ್ತೇನೆ ಎಂದು ಗೊತ್ತಾಗುತ್ತದಂತೆ. ಮಾಡಿಸೋಣವೇ?"

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನಾನು ಓದಿದ್ದರ ಸಾರ ಇದು. ಇದೇ ಪ್ರಶ್ನೆ ಬಹಳ ಮನೆಗಳಲ್ಲಿ ಏಳುತ್ತದೆ. ದ್ವಿಚಕ್ರ ವಾಹನಗಳ ನಮ್ಮ ನಾಡಿನಲ್ಲಿ ಲಘು ತಲೆಪೆಟ್ಟು ಅಪರೂಪದ ಸಂಗತಿಯೇನಲ್ಲ.

ಎರಡು ಪ್ರಶ್ನೆಗಳನ್ನು ಬೇರೆಬೇರೆ ಇಡಿ

ವೈದ್ಯರು "ಲಘು" ಎಂದು ಕರೆಯುವುದು ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಮಾಪಕದಲ್ಲಿ 13ರಿಂದ 15 ಅಂಕ ಬಂದ ಪೆಟ್ಟನ್ನು. ಪ್ರಜ್ಞೆ ತಪ್ಪಿದ್ದರೂ ಅರ್ಧ ಗಂಟೆಯೊಳಗೆ ಮರಳಿರಬೇಕು, ನೆನಪಿನ ಗೊಂದಲ ಒಂದು ದಿನದೊಳಗೆ ತಿಳಿಯಾಗಿರಬೇಕು. ಈ ಹೆಸರು ಆ ಮೊದಲ ಕೆಲವು ಗಂಟೆಗಳ ಸ್ಥಿತಿಗೆ ಇಟ್ಟದ್ದು. ಮುಂದಿನ ಆರು ತಿಂಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ಅಮೆರಿಕದ ದೊಡ್ಡ ಅಪಘಾತ ಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ಟ್ರ್ಯಾಕ್-ಟಿಬಿಐ ಅಧ್ಯಯನ 2019ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಲಘು ಪೆಟ್ಟಾದವರಲ್ಲಿ ಶೇ 53 ಮಂದಿ ಒಂದು ವರ್ಷದ ನಂತರವೂ ದಿನನಿತ್ಯದ ಬದುಕಿನಲ್ಲಿ ಏನಾದರೊಂದು ಮಿತಿ ಉಳಿದಿದೆ ಎಂದಿದ್ದರು. ಹೋಲಿಕೆಗೆಂದು ತೆಗೆದುಕೊಂಡ, ತಲೆಗಲ್ಲದೆ ಕೈಕಾಲಿಗೆ ಪೆಟ್ಟಾದವರಲ್ಲಿ ಈ ಪ್ರಮಾಣ ಶೇ 38. ಇವರು ದೊಡ್ಡ ಆಸ್ಪತ್ರೆಗಳವರೆಗೆ ಬಂದವರು ಎಂಬುದು ನೆನಪಿರಲಿ. ಬಾಗಿಲಿಗೆ ತಲೆ ತಾಗಿಸಿಕೊಂಡು ಮನೆಯಲ್ಲೇ ಉಳಿದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ರಕ್ತಪರೀಕ್ಷೆಗೆ ಎರಡು ಪ್ರಶ್ನೆ ಕೇಳಬಹುದು. ಒಂದು, ಈಗ ತಲೆಯೊಳಗೆ ರಕ್ತಸ್ರಾವವಿದೆಯೇ, ಸಿ.ಟಿ. ಬೇಕೇ? ಎರಡು, ನಾನು ಪೂರ್ತಿ ಚೇತರಿಸಿಕೊಳ್ಳುತ್ತೇನೆಯೇ, ಯಾವಾಗ? ಪತ್ರಿಕೆಗಳಲ್ಲಿ ಬರುವ "ಕನ್‌ಕಷನ್ ಪತ್ತೆಗೆ ರಕ್ತಪರೀಕ್ಷೆ" (ಕನ್‌ಕಷನ್ ಎಂದರೆ ಮಿದುಳಿನ ಕೆಲಸವನ್ನು ಏರುಪೇರಾಗಿಸುವ ಇಂಥ ಲಘು ಪೆಟ್ಟು) ಸುದ್ದಿಗಳಲ್ಲಿ ಬಹುಪಾಲು ಮೊದಲನೆಯದಕ್ಕೆ ಸೇರಿದವು. ಅಕ್ಕ ಕೇಳಿದ್ದು ಎರಡನೆಯದನ್ನು. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಸುಮ್ಮನೆ ಹೆದರುತ್ತೇವೆ, ಇಲ್ಲವೇ ಸುಮ್ಮನೆ ನಿಶ್ಚಿಂತರಾಗುತ್ತೇವೆ.

ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಜೋಡಿ

ಇಂದು ಹೆಚ್ಚು ಹೆಸರು ಕೇಳಿಬರುವುದು ಈ ಜೋಡಿಯದು. ಜಿಎಫ್‌ಎಪಿ ಎಂಬುದು ಮಿದುಳಿನ ಪೋಷಕ ಕೋಶಗಳಾದ ಆಸ್ಟ್ರೋಸೈಟ್‌ಗಳ ಒಳಚೌಕಟ್ಟಿನ ಪ್ರೋಟೀನು. ಯುಸಿಎಚ್-ಎಲ್1 ನರಕೋಶಗಳ ಒಳಗೆ ಹೇರಳವಾಗಿರುವ ಕಿಣ್ವ. ಪೆಟ್ಟಿನಿಂದ ಕೋಶಗಳು ನಲುಗಿದಾಗ ಎರಡೂ ಸೋರಿ ರಕ್ತಕ್ಕೆ ಬರುತ್ತವೆ. ಬರುವ ವೇಗ ಮಾತ್ರ ಬೇರೆ. 584 ರೋಗಿಗಳನ್ನು ಏಳು ದಿನಗಳವರೆಗೆ ಮತ್ತೆ ಮತ್ತೆ ಪರೀಕ್ಷಿಸಿದ 2016ರ ಅಧ್ಯಯನದಲ್ಲಿ ಯುಸಿಎಚ್-ಎಲ್1 ಸುಮಾರು 8 ಗಂಟೆಗೆ ತುದಿ ಮುಟ್ಟಿ ಎರಡು ದಿನಗಳಲ್ಲಿ ವೇಗವಾಗಿ ಇಳಿಯಿತು. ಜಿಎಫ್‌ಎಪಿ ಸುಮಾರು 20 ಗಂಟೆಗೆ ತುದಿ ಮುಟ್ಟಿ, ಏಳು ದಿನಗಳವರೆಗೂ ಪತ್ತೆಯಾಗುವಷ್ಟು ಉಳಿಯಿತು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಫೆಬ್ರುವರಿಯಲ್ಲಿ ಈ ಜೋಡಿಯ ಮೊದಲ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. 2021ರ ಜನವರಿಯಲ್ಲಿ ಅಬಾಟ್ ಕಂಪನಿಯ ಐ-ಸ್ಟ್ಯಾಟ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರದ ಪ್ಲಾಸ್ಮಾ (ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವ) ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್‌ನಲ್ಲಿ ತೋಳಿನಿಂದ ತೆಗೆದ ರಕ್ತವನ್ನು ನೇರವಾಗಿ ಹಾಕಿ ಕಾಲು ಗಂಟೆಯಲ್ಲಿ ಫಲಿತಾಂಶ ಪಡೆಯುವ ಕಾರ್ಟ್ರಿಡ್ಜ್ ಬಂತು. 18 ವರ್ಷ ತುಂಬಿದವರಿಗೆ, ಪೆಟ್ಟಾದ 24 ಗಂಟೆಗಳೊಳಗೆ ಮಾತ್ರ ಅದು ಅನ್ವಯ.

ಇದರ ಬಲ ಎಲ್ಲಿದೆ, ಮಿತಿ ಎಲ್ಲಿದೆ ಎಂಬುದು 2018ರ ಅನುಮೋದನೆಗೆ ಆಧಾರವಾದ ಅಲರ್ಟ್-ಟಿಬಿಐ ಅಧ್ಯಯನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದರಲ್ಲಿದ್ದವರು 1,959 ಮಂದಿ. ಸಿ.ಟಿ.ಯಲ್ಲಿ ಗಾಯ ಕಂಡವರಲ್ಲಿ ಶೇ 97.6 ಮಂದಿಯನ್ನು ರಕ್ತಪರೀಕ್ಷೆ ಹಿಡಿದಿತ್ತು. ಪರೀಕ್ಷೆ "ಇಲ್ಲ" ಎಂದರೆ ಅದು ನಿಜವಾಗಿರುವ ಸಂಭವ ಶೇ 99.6. ತಾಲ್ಲೂಕು ಕೇಂದ್ರದಲ್ಲಿ ಸಿ.ಟಿ. ಇಲ್ಲದೆ ರಾತ್ರಿ ಹೊತ್ತು ಜಿಲ್ಲಾ ಆಸ್ಪತ್ರೆಗೆ ವಾಹನ ಹುಡುಕಿದವರಿಗೆ ಈ "ಇಲ್ಲ" ಎಂಬ ಮಾತಿನ ಬೆಲೆ ಗೊತ್ತಿರುತ್ತದೆ. ಇಂಥ ಯಂತ್ರ ನಮ್ಮ ಸಣ್ಣ ಊರುಗಳ ತುರ್ತು ಕೊಠಡಿಗಳಿಗೆ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಸಿ.ಟಿ.ಯಲ್ಲಿ ಗಾಯವಿಲ್ಲದವರ ಪೈಕಿ ಈ ಪರೀಕ್ಷೆ "ಇಲ್ಲ" ಎಂದದ್ದು ಕೇವಲ ಶೇ 36ರಷ್ಟು ಮಂದಿಗೆ. ಉಳಿದವರಿಗೆ "ಮಟ್ಟ ಏರಿದೆ" ಎಂದೇ ಬಂತು. ಯಾರದಾದರೂ ವರದಿಯಲ್ಲಿ ಈ ಮಾತು ಕಂಡರೆ ಮಿದುಳು ಹಾಳಾಯಿತು ಎಂದು ಮನೆಯವರು ಅಳಬೇಕಾಗಿಲ್ಲ. ಸಿ.ಟಿ. ಮಾಡಿ ನೋಡಿ ಎಂಬುದಷ್ಟೇ ಅದರ ಅರ್ಥ.

ಇನ್ನು ಚೇತರಿಕೆಯ ಪ್ರಶ್ನೆ. ಇದಕ್ಕೆ ಅತ್ಯಂತ ನೇರವಾದ ಉತ್ತರ ಟ್ರ್ಯಾಕ್-ಟಿಬಿಐ ತಂಡ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿದೆ. ಲಘುವಿನಿಂದ ತೀವ್ರ ಪೆಟ್ಟಿನವರೆಗೆ 1,696 ಮಂದಿಯ ಮೊದಲ ದಿನದ ರಕ್ತವನ್ನೂ ಆರು ತಿಂಗಳ ನಂತರದ ಸ್ಥಿತಿಯನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ಅಂಕಗಳನ್ನು ಹೀಗೆ ಓದಿ: 0.5 ಎಂದರೆ ನಾಣ್ಯ ಚಿಮ್ಮಿದ ಹಾಗೆ, 1 ಎಂದರೆ ತಪ್ಪೇ ಇಲ್ಲದ ಭವಿಷ್ಯ. ಸಾವನ್ನು ಮುಂಗಾಣುವಲ್ಲಿ ಜಿಎಫ್‌ಎಪಿ 0.87, ಯುಸಿಎಚ್-ಎಲ್1 0.89. ತೀವ್ರ ಅಂಗವೈಕಲ್ಯ ಅಥವಾ ಸಾವು ಎರಡನ್ನೂ ಸೇರಿಸಿದರೆ ತಲಾ 0.86. ಬಹಳ ಒಳ್ಳೆಯ ಅಂಕಗಳೇ. ಆದರೆ "ಪೂರ್ತಿ ಚೇತರಿಸಿಕೊಳ್ಳಲಿಲ್ಲ" ಎಂಬುದನ್ನು ಮುಂಗಾಣಲು ಹೋದರೆ 0.62 ಮತ್ತು 0.61. ನಾಣ್ಯಕ್ಕಿಂತ ಒಂದೆರಡು ಹೆಜ್ಜೆ ಮುಂದೆ, ಅಷ್ಟೆ. ಲಘು ಪೆಟ್ಟಿನವರು ತಿಳಿಯಬಯಸುವುದು ಈ ಕೊನೆಯದನ್ನೇ. ಸಾಯುತ್ತೇನೆಯೇ ಎಂದು ಅಕ್ಕ ಕೇಳಲಿಲ್ಲ. ಮತ್ತೆ ತರಗತಿಯ ಗದ್ದಲದಲ್ಲಿ ನಿಂತು ಪಾಠ ಮಾಡಬಲ್ಲೆನೇ ಎಂದು ಕೇಳಿದಳು.

ಹಾಗೆಂದು ಜಿಎಫ್‌ಎಪಿಯನ್ನು ಬದಿಗೆ ಸರಿಸಬೇಕಾಗಿಲ್ಲ. ಸಿ.ಟಿ. ಸ್ವಚ್ಛವಾಗಿದ್ದ 450 ಮಂದಿಗೆ ಕೆಲವು ದಿನಗಳ ನಂತರ ಎಂ.ಆರ್.ಐ. ಮಾಡಿದಾಗ 120 ಮಂದಿಯಲ್ಲಿ, ಅಂದರೆ ಶೇ 27ರಷ್ಟು ಜನರಲ್ಲಿ, ಗಾಯ ಕಂಡಿತು. ಇದೂ ಅದೇ ಯೋಜನೆಯ 2019ರ ವರದಿ. ಗಾಯ ಕಂಡವರಲ್ಲಿ ಮೊದಲ ದಿನದ ಜಿಎಫ್‌ಎಪಿಯ ಮಧ್ಯಾಂಕ ಒಂದು ಮಿಲಿಲೀಟರಿಗೆ 414 ಪಿಕೋಗ್ರಾಂ, ಕಾಣದವರಲ್ಲಿ 74. "ಸಿ.ಟಿ. ಚೆನ್ನಾಗಿದೆ, ಎಲ್ಲ ನಿನ್ನ ಮನಸ್ಸಿನಲ್ಲಿದೆ" ಎಂದು ಮನೆಯಲ್ಲೋ ಕಚೇರಿಯಲ್ಲೋ ಕೇಳಿಸಿಕೊಂಡವರಿಗೆ ಈ ಅಧ್ಯಯನ ದೊಡ್ಡ ಸಮಾಧಾನ. ಸಿ.ಟಿ.ಯ ಕಣ್ಣಿಗೆ ಬೀಳದ ಗಾಯ ನಿಜವಾಗಿಯೂ ಇರುತ್ತದೆ ಎಂದು ಅಕ್ಕನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ನಾಟಕವಾಡುತ್ತಿಲ್ಲ" ಎಂದಳು. ಹಾಗೆ ಯಾರೂ ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಆ ಭಾರ ಅವಳ ಮೇಲಿತ್ತು.

ಎಸ್100ಬಿ: ಹಳೆಯದು, ಅವಸರದ್ದು

1965ರಲ್ಲಿ ಗುರುತಿಸಿದ ಪ್ರೋಟೀನು ಇದು. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರು ಸಂತೃಪ್ತ ದ್ರಾವಣದಲ್ಲೂ ಕರಗಿದ್ದರಿಂದ ಈ ಹೆಸರು ಬಂತು. ಸ್ಕ್ಯಾಂಡಿನೇವಿಯಾದ ವೈದ್ಯರು 2013ರ ಮಾರ್ಗಸೂಚಿಯಲ್ಲಿ ಇದನ್ನು ಬಳಕೆಗೆ ತಂದರು: ಅಪಾಯ ಕಡಿಮೆಯಿರುವ ವಯಸ್ಕರಲ್ಲಿ ಆರು ಗಂಟೆಗಳೊಳಗೆ ತೆಗೆದ ರಕ್ತದಲ್ಲಿ ಲೀಟರಿಗೆ 0.10 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಿ.ಟಿ. ಇಲ್ಲದೆ ಮನೆಗೆ ಕಳುಹಿಸಬಹುದು.

ಇದರ ತೊಡಕು ಅದು ಮಿದುಳಿಗೆ ಮಾತ್ರ ಸೇರಿದ್ದಲ್ಲ ಎಂಬುದು. ಕೊಬ್ಬಿನಲ್ಲಿದೆ, ಚರ್ಮದ ಬಣ್ಣ ಕೊಡುವ ಕೋಶಗಳಲ್ಲಿದೆ. ಸ್ಕೂಟರಿನಿಂದ ಬಿದ್ದವರಿಗೆ ಬರಿಯ ತಲೆಗೇ ಪೆಟ್ಟಾಗಿರುವುದು ಎಷ್ಟು ಅಪರೂಪ! ಮೊಣಕಾಲು ತರಚಿರುತ್ತದೆ, ಮಣಿಕಟ್ಟು ಮುರಿದಿರುತ್ತದೆ. ಮೂಳೆ ಮುರಿದರೆ ತಲೆ ಗಟ್ಟಿಯಿದ್ದರೂ ಎಸ್100ಬಿ ಏರುತ್ತದೆ. ಬಿಳಿಯ ಚರ್ಮದವರಿಗಿಂತ ಕಪ್ಪು ಚರ್ಮದವರಲ್ಲಿ ಮೂಲಮಟ್ಟವೇ ಹೆಚ್ಚು ಎಂದೂ ಕಂಡುಬಂದಿದೆ. ಉತ್ತರ ಯುರೋಪಿನ ಗೆರೆಯನ್ನು ನಮ್ಮ ಮೇಲೆ ಹಾಗೆಯೇ ಎಳೆಯಲು ನಾನು ಹಿಂಜರಿಯುತ್ತೇನೆ. ಅದು ರಕ್ತದಿಂದ ಬೇಗ ಇಳಿದೂ ಹೋಗುತ್ತದೆ. ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋಗಿ ಮಾಡಿಸುವ ಎಸ್100ಬಿಯಿಂದ ಪ್ರಯೋಜನವಿಲ್ಲ. ಲಘು ಪೆಟ್ಟಿನ ಚೇತರಿಕೆಯನ್ನು ಮುಂಗಾಣಲು ಇದನ್ನು ನಾನು ಆರಿಸುವುದಿಲ್ಲ.

ಟಾವ್: ಹಾಕಿ ಮೈದಾನದ ಆಸೆ

ಟಾವ್ ನರಕೋಶಗಳ ಒಳಗಿರುವ ಒಂದು ಪ್ರೋಟೀನು. ಸ್ವೀಡನ್ನಿನ ವೃತ್ತಿಪರ ಐಸ್ ಹಾಕಿ ಆಟಗಾರರ ಮೇಲೆ 2012-13ರ ಋತುವಿನಲ್ಲಿ ನಡೆದ ಅಧ್ಯಯನ ಬಹಳ ಆಸೆ ಹುಟ್ಟಿಸಿತ್ತು. 288 ಆಟಗಾರರಲ್ಲಿ 35 ಮಂದಿಗೆ ಕನ್‌ಕಷನ್ ಆಯಿತು, 28 ಮಂದಿಯ ರಕ್ತವನ್ನು ಮತ್ತೆ ಮತ್ತೆ ತೆಗೆಯಲಾಯಿತು. ಪೆಟ್ಟಾದ ಮೊದಲ ಗಂಟೆಯಲ್ಲಿ ಟಾವ್ ಎಷ್ಟು ಹೆಚ್ಚಿತ್ತೋ ತೊಂದರೆ ಮಾಯವಾಗಲು ಅಷ್ಟು ಹೆಚ್ಚು ದಿನ ಹಿಡಿಯಿತು. ಚೇತರಿಕೆಯ ಪ್ರಶ್ನೆಗೆ ಇಷ್ಟು ಹತ್ತಿರದ ಉತ್ತರ ಅದುವರೆಗೆ ಕಂಡಿರಲಿಲ್ಲ. ಅಮೆರಿಕದ ಕಾಲೇಜು ಕ್ರೀಡಾಪಟುಗಳಲ್ಲೂ ಮೊದಲ ಆರು ಗಂಟೆಗಳ ಟಾವ್ ಹೆಚ್ಚಿದ್ದವರು ಮೈದಾನಕ್ಕೆ ಮರಳಲು ಹತ್ತು ದಿನಕ್ಕಿಂತ ಹೆಚ್ಚು ತೆಗೆದುಕೊಂಡರು.

ಆದರೆ ಅದೇ ಅಮೆರಿಕನ್ ಅಧ್ಯಯನದಲ್ಲಿ ಪೆಟ್ಟೇ ಆಗದ ಕ್ರೀಡಾಪಟುಗಳ ಟಾವ್ ಕೂಡ ಆಟವಾಡದವರಿಗಿಂತ ಹೆಚ್ಚಿತ್ತು. ಅಲ್ಲಿ ಆಟಗಾರರ ರಕ್ತವನ್ನು ಋತುವಿನ ಆರಂಭದಲ್ಲೇ ತೆಗೆದಿಟ್ಟಿದ್ದರು, ಪ್ರತಿಯೊಬ್ಬರ ಮೂಲಮಟ್ಟ ಕೈಯಲ್ಲಿತ್ತು. ಸ್ಕೂಟರಿನಿಂದ ಬೀಳುವವರಿಗೆ ಅಂಥ ಮೂಲಮಟ್ಟ ಎಲ್ಲಿಂದ ಬರಬೇಕು? ಒಂದು ಗಂಟೆಯೊಳಗೆ ರಕ್ತ ತೆಗೆಯುವವರು ಯಾರು? ಕ್ರೀಡಾ ತಂಡದ ವೈದ್ಯರಿಗೆ ಮುಂದೊಂದು ದಿನ ಇದು ಉಪಯುಕ್ತವಾಗಬಹುದು. ರಸ್ತೆಯಲ್ಲಿ ಬಿದ್ದವರಿಗಲ್ಲ.

ಎನ್‌ಎಫ್‌ಎಲ್: ನಿಧಾನದ ಸಾಕ್ಷಿ

ಚೇತರಿಕೆಯ ವಿಷಯದಲ್ಲಿ ನನ್ನ ಭರವಸೆ ಇರುವುದು ಇದರ ಮೇಲೆ. ನರಕೋಶದ ಉದ್ದನೆಯ ತಂತುಗಳಿಗೆ ಒಳಗಿನಿಂದ ಬಿಗಿ ಕೊಡುವ ಎಳೆಗಳಲ್ಲಿ ಒಂದರ ಹೆಸರು ನ್ಯೂರೋಫಿಲಮೆಂಟ್ ಲೈಟ್, ಅಂದರೆ ಎನ್‌ಎಫ್‌ಎಲ್. ತಲೆ ಝಟ್ಟನೆ ತಿರುಗಿ ನಿಂತಾಗ ಗೋಣಿಚೀಲ ಹಿಂಡಿದಂತೆ ಎಳೆದಾಟಕ್ಕೆ ಸಿಗುವುದು ಈ ತಂತುಗಳೇ. ಅವು ತಕ್ಷಣ ತುಂಡಾಗುವುದಿಲ್ಲ. ಗಂಟೆಗಳು, ದಿನಗಳು ಕಳೆದಂತೆ ಒಳಗಿಂದ ಸಡಿಲವಾಗುತ್ತ ಹೋಗುತ್ತವೆ. ಅದಕ್ಕೆ ತಕ್ಕಂತೆ ಎನ್‌ಎಫ್‌ಎಲ್ ಕೂಡ ರಕ್ತದಲ್ಲಿ ದಿನಗಳಿಂದ ವಾರಗಳವರೆಗೆ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಸ್ವೀಡನ್ನಿನ ಹಾಕಿ ಆಟಗಾರರಲ್ಲೇ ನೋಡಿದಾಗ, ತೊಂದರೆ ಬಿಡದೆ ಕೊನೆಗೆ ಆಟವನ್ನೇ ಬಿಟ್ಟವರ ಎನ್‌ಎಫ್‌ಎಲ್ ಮಟ್ಟ ಮರಳಿ ಆಡಿದವರಿಗಿಂತ ಹೆಚ್ಚಿತ್ತು.

ಇದರ ಅರ್ಥ ಸಮಯದ ಲೆಕ್ಕ ತಲೆಕೆಳಗಾಗುತ್ತದೆ ಎಂದು. ಜಿಎಫ್‌ಎಪಿ, ಎಸ್100ಬಿಗಳನ್ನು ಮೊದಲ ದಿನವೇ ನೋಡಬೇಕು. ಎನ್‌ಎಫ್‌ಎಲ್ ಅನ್ನು ಮೊದಲ ದಿನ ನೋಡಿದರೆ ಕಾಣುವುದು ಪೆಟ್ಟಿಗೆ ಮುಂಚಿನ ನಿಮ್ಮ ಮಟ್ಟವೇ ಹೆಚ್ಚುಕಡಿಮೆ. ಒಂದೇ ಸಲದ ಅಂಕಿಗಿಂತ ಎರಡು ಸಲದ ಅಂಕಿಗಳ ನಡುವಿನ ಏರಿಳಿತ ಹೆಚ್ಚು ಹೇಳುತ್ತದೆ. ಮೊದಲ ದಿನದ್ದನ್ನು ಆಧಾರವಾಗಿಟ್ಟು ಎರಡನೆಯ ವಾರದ್ದನ್ನು ಹೋಲಿಸುವುದು ಬುದ್ಧಿವಂತ ಕ್ರಮ.

ಇದಕ್ಕೂ ಮಿತಿಗಳಿವೆ. ವಯಸ್ಸಾದಂತೆ ಎನ್‌ಎಫ್‌ಎಲ್ ತಾನಾಗಿಯೇ ಏರುತ್ತದೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದರೆ ಏರುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್‌ನಂಥ ಬೇರೆ ನರರೋಗಗಳಲ್ಲೂ ಏರುತ್ತದೆ. 65ರ ಅಜ್ಜನ ಅಂಕಿಯನ್ನು 20ರ ಹುಡುಗನ ಅಂಕಿಯ ಪಕ್ಕ ಇಡಬಾರದು. ಮಟ್ಟ ಹೆಚ್ಚಿದೆ ಎಂದು ಗೊತ್ತಾದರೂ ಅದನ್ನು ಇಳಿಸುವ ಔಷಧಿಯಿಲ್ಲ. ಮನೆಯವರು ಹಣ ಕಟ್ಟುವ ಮುನ್ನ ಈ ಕೊನೆಯ ಮಾತನ್ನು ಒಂದು ನಿಮಿಷ ಯೋಚಿಸಬೇಕು.

ಎನ್‌ಎಸ್‌ಇ ಎಂಬ ಇನ್ನೊಂದು ಹಳೆಯ ಸೂಚಕವಿದೆ. ಕೆಂಪು ರಕ್ತಕಣಗಳಲ್ಲೂ ಅದು ಇರುವುದರಿಂದ ಸಿರಿಂಜಿನಲ್ಲಿ ನಾಲ್ಕು ಕಣ ಒಡೆದರೂ ಅಂಕಿ ಕೆಡುತ್ತದೆ. ಬಿಟ್ಟುಬಿಡಿ.

ರಕ್ತವಿಲ್ಲದ ಪರೀಕ್ಷೆಯೂ ಸ್ಪರ್ಧೆಯಲ್ಲಿದೆ

ಹೋಲಿಕೆ ಪ್ರಾಮಾಣಿಕವಾಗಿರಬೇಕಾದರೆ ಮಾತಿನ ಪರೀಕ್ಷೆಯನ್ನೂ ಸಾಲಿನಲ್ಲಿ ನಿಲ್ಲಿಸಬೇಕು. ಕೆನಡಾದ ಮಕ್ಕಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 3,063 ಮಕ್ಕಳನ್ನು ನೋಡಿ 2016ರಲ್ಲಿ ಒಂದು ಅಂಕಪಟ್ಟಿ ರೂಪಿಸಿ ಪರೀಕ್ಷಿಸಿದರು. ಅದರಲ್ಲಿ ಕೇಳುವುದು ಇಷ್ಟು: ಹುಡುಗಿಯೇ, ವಯಸ್ಸು 13 ತುಂಬಿದೆಯೇ, ಹಿಂದೆ ಪೆಟ್ಟಾಗಿ ವಾರಕ್ಕಿಂತ ಹೆಚ್ಚು ಕಾಡಿತ್ತೇ, ಅರೆತಲೆನೋವಿನ ಇತಿಹಾಸವಿದೆಯೇ, ಈಗ ತಲೆನೋವಿದೆಯೇ, ಸದ್ದು ಸಹಿಸಲಾಗುತ್ತಿಲ್ಲವೇ, ದಣಿವಿದೆಯೇ, ಪ್ರಶ್ನೆಗೆ ತಡವಾಗಿ ಉತ್ತರಿಸುತ್ತಿದ್ದಾರೆಯೇ, ಹೆಜ್ಜೆಯ ಹಿಂದೆ ಹೆಜ್ಜೆಯಿಟ್ಟು ನಿಂತಾಗ ತೂರಾಡುತ್ತಾರೆಯೇ. ಅವರಲ್ಲೇ ಪಟ್ಟಿ ರೂಪಿಸಲು ಬಳಸದ ಮಕ್ಕಳ ಗುಂಪಿನ ಮೇಲೆ ಪ್ರಯೋಗಿಸಿದಾಗ ಇದಕ್ಕೆ ಬಂದ ಅಂಕ 0.68. ಅವರು ಮಕ್ಕಳು, ಟ್ರ್ಯಾಕ್-ಟಿಬಿಐನವರು ಹೆಚ್ಚಾಗಿ ದೊಡ್ಡವರು, ಅಳೆದ ಫಲಿತಾಂಶವೂ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಸೂಜಿ ಚುಚ್ಚದೆ, ಒಬ್ಬ ಶ್ರದ್ಧೆಯ ನರ್ಸ್ ಹತ್ತು ನಿಮಿಷ ಕುಳಿತು ಕೇಳಿದ್ದು ಮೊದಲ ದಿನದ ರಕ್ತದ ಹನಿಗಿಂತ ಕಡಿಮೆಯೇನೂ ಹೇಳುತ್ತಿಲ್ಲ. ನೆದರ್ಲೆಂಡ್ಸಿನ ಅಪ್‌ಫ್ರಂಟ್ ಅಧ್ಯಯನ ವಯಸ್ಕರಲ್ಲೂ ಇದೇ ದಿಕ್ಕು ತೋರಿಸಿತು: ಎರಡು ವಾರದ ಹೊತ್ತಿಗೆ ಎಷ್ಟು ತೊಂದರೆಗಳಿವೆ, ಮನಸ್ಸು ಹೇಗಿದೆ, ಕಷ್ಟವನ್ನು ಹೇಗೆ ಎದುರಿಸುತ್ತಾರೆ ಎಂಬುದು ಬಹಳ ಮುಖ್ಯ.

2022ರ ಕೊನೆಯಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಸೇರಿದ ಕ್ರೀಡಾ ಕನ್‌ಕಷನ್ ತಜ್ಞರು ರಕ್ತಸೂಚಕಗಳು ಸಂಶೋಧನೆಗೆ ಬೆಲೆಯುಳ್ಳವು, ದಿನನಿತ್ಯದ ಚಿಕಿತ್ಸೆಗೆ ಇನ್ನೂ ಸಿದ್ಧವಲ್ಲ ಎಂಬ ನಿಲುವು ತೆಗೆದುಕೊಂಡರು. 2025ರಲ್ಲಿ ಬಂದ ಹೊಸ ವರ್ಗೀಕರಣ ಚೌಕಟ್ಟು ಲಘು, ಮಧ್ಯಮ, ತೀವ್ರ ಎಂಬ ಹಳೆಯ ಮೂರು ಪೆಟ್ಟಿಗೆಗಳ ಬದಲು ರೋಗಲಕ್ಷಣ, ರಕ್ತಸೂಚಕ, ಚಿತ್ರಣ ಹಾಗೂ ವ್ಯಕ್ತಿಯ ಹಿನ್ನೆಲೆ, ಈ ನಾಲ್ಕನ್ನೂ ಜೊತೆಗಿಟ್ಟು ನೋಡಿ ಎಂದಿತು. ರಕ್ತ ಈಗ ಆ ನಾಲ್ಕರಲ್ಲಿ ಒಂದು. ಅದಕ್ಕೆ ಸಲ್ಲಬೇಕಾದ ಜಾಗವೂ ಅದೇ ಎಂದು ನನಗನ್ನಿಸುತ್ತದೆ.

ಹಾಗಾದರೆ ಯಾರು ಏನು ಮಾಡಬೇಕು?

ಪೆಟ್ಟಾದ ಮೊದಲ ಗಂಟೆಗಳಲ್ಲಿ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಫಿಟ್ಸ್, ಕೈಕಾಲಿನ ಬಲಹೀನತೆ, ಕಿವಿ-ಮೂಗಿನಿಂದ ತಿಳಿನೀರು ಅಥವಾ ರಕ್ತ ಬಂದರೆ ಯಾವ ರಕ್ತಪರೀಕ್ಷೆಗೂ ಕಾಯಬೇಡಿ. ನೇರವಾಗಿ ಸಿ.ಟಿ. ಇರುವ ಕಡೆಗೆ ಹೋಗಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮತ್ತು 65 ದಾಟಿದವರು ಇಂಥ ಲಕ್ಷಣಗಳಿಲ್ಲದಿದ್ದರೂ ವೈದ್ಯರನ್ನು ಕಾಣಬೇಕು.

ಲಕ್ಷಣಗಳು ಸೌಮ್ಯವಾಗಿದ್ದು, ವಯಸ್ಕರಾಗಿದ್ದು, ಪೆಟ್ಟಾಗಿ ಒಂದು ದಿನದೊಳಗಿದ್ದು, ಆಸ್ಪತ್ರೆಯಲ್ಲಿ ಜಿಎಫ್‌ಎಪಿ-ಯುಸಿಎಚ್-ಎಲ್1 ಸೌಲಭ್ಯವಿದ್ದರೆ ಮಾಡಿಸಬಹುದು. ಸಿ.ಟಿ. ಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಅದನ್ನು ಬಳಸಿ. ಆಗಲೇ ಸಿ.ಟಿ. ಆಗಿದ್ದರೆ ಅದಕ್ಕೆಂದು ಬೇರೆ ಹಣ ಕೊಡುವುದರಲ್ಲಿ ಅರ್ಥವಿಲ್ಲ. ರಕ್ತ ತೆಗೆಸುವಾಗ ಪೆಟ್ಟಾದ ಸಮಯವನ್ನೂ ರಕ್ತ ತೆಗೆದ ಸಮಯವನ್ನೂ ಚೀಟಿಯಲ್ಲಿ ಬರೆಸಿ. ಈ ಎರಡು ಗಳಿಗೆಗಳಿಲ್ಲದೆ ಮೇಲಿನ ಯಾವ ಅಂಕಿಗೂ ಅರ್ಥ ಬರುವುದಿಲ್ಲ.

ಎರಡು-ಮೂರು ವಾರಗಳಾದರೂ ತೊಂದರೆ ಬಿಡದವರು ನರರೋಗ ತಜ್ಞರನ್ನು ಕಂಡು ಎಂ.ಆರ್.ಐ. ಬಗ್ಗೆ ಕೇಳಿ, ಕತ್ತಿನ ನೋವು, ತಲೆಸುತ್ತು, ನಿದ್ರೆ, ಆತಂಕಗಳನ್ನು ಒಂದೊಂದಾಗಿ ಹೇಳಿ. ಇವುಗಳಲ್ಲಿ ಪ್ರತಿಯೊಂದಕ್ಕೂ ಚಿಕಿತ್ಸೆ ಇದೆ. ವೈದ್ಯರೇ ಎನ್‌ಎಫ್‌ಎಲ್ ಸೂಚಿಸಿದರೆ ಮಾಡಿಸಿ. ಮತ್ತೊಮ್ಮೆ ಯಾವಾಗ ಮಾಡಿಸಬೇಕು, ನನ್ನ ವಯಸ್ಸಿಗೆ ಸಹಜ ಮಟ್ಟ ಎಷ್ಟು ಎಂದು ಕೇಳಿಯೇ ಮಾಡಿಸಿ.

ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿಯನ್ನು ಬಿಡಿ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ತೊಂದರೆ ಹೆಚ್ಚಾಗದಷ್ಟು ನಡಿಗೆ. ಆಟದಲ್ಲಿ ಪೆಟ್ಟಾದ 103 ಹದಿಹರೆಯದವರ ಮೇಲೆ ನಡೆದ 2019ರ ಪ್ರಯೋಗದಲ್ಲಿ ಹೀಗೆ ಅಳತೆಯಲ್ಲಿ ವ್ಯಾಯಾಮ ಮಾಡಿದವರ ಚೇತರಿಕೆಯ ಮಧ್ಯಾಂಕ 13 ದಿನ, ಬರಿಯ ಮೈಸಡಿಲಿಕೆಯ ವ್ಯಾಯಾಮ ಮಾಡಿದವರದು 17 ದಿನ. ನಾನು ಓದಿದ ಯಾವ ರಕ್ತಸೂಚಕವೂ ಯಾರ ಚೇತರಿಕೆಯನ್ನೂ ನಾಲ್ಕು ದಿನ ಮುಂದಕ್ಕೆ ತಂದಿಲ್ಲ.

ಅಕ್ಕನಿಗೆ ನಾವು ಆ ರಕ್ತಪರೀಕ್ಷೆ ಮಾಡಿಸಲಿಲ್ಲ. ಬದಲಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆವು. ತಲೆನೋವು, ಸದ್ದು, ನಿದ್ರೆ, ನಡೆದ ನಿಮಿಷ, ತಿದ್ದಿದ ಪತ್ರಿಕೆ ಎಂದು ಅವಳೇ ಸ್ಕೇಲಿಟ್ಟು ಐದು ಕಂಬ ಎಳೆದಳು. ಕೊನೆಯ ಕಂಬದಲ್ಲಿ ಬಹಳ ದಿನ 2 ಎಂದೇ ಇತ್ತು, ನಡುವೆ ಎರಡು ದಿನ 0. ಒಂಬತ್ತನೆಯ ವಾರದ ಬುಧವಾರ 11 ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕುಕ್ಕರ್ ಕೂಗಿತು, ಎದ್ದು ಹೋಗಲಿಲ್ಲ" ಎಂದು ಸೇರಿಸಿದ್ದಳು.